ಎಷ್ಟು ಸಲ ಬಿಚ್ಚಿ ಹೊಲಿಯುವುದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ನಮ್ಮ ಜಿಲ್ಲೆಯ ಕ್ರೈಸ್ತ ಓದುಗರವು. ಎಲ್ಲವೂ ಒಂದೇ ನೋವಿನ ಸುತ್ತ ತಿರುಗುತ್ತವೆ: ಮಾಡಿದ್ದೆಲ್ಲ ಎಳ್ಳಷ್ಟೂ ತಪ್ಪಿಲ್ಲದೆ ಇರಬೇಕೆಂಬ ಹಟ, ಇಲ್ಲದಿದ್ದರೆ ದೇವರ ಮುಂದೂ ಮುಖ ಎತ್ತಲಾಗದ ಸಂಕಟ. ಧ್ಯಾನಕೂಟ ನಡೆಸುವ ಒಬ್ಬ ಗುರುಗಳು ಮತ್ತು ಒಬ್ಬ ಆಪ್ತಸಮಾಲೋಚಕಿ ಸೇರಿ ಉತ್ತರಿಸಿದ್ದಾರೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಹಾಕಿಲ್ಲ.

ಕಾರವಾರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಯ ಗೌನು, ಮೊದಲ ಪರಮಪ್ರಸಾದಕ್ಕೆ ಮಕ್ಕಳ ಬಿಳಿ ಫ್ರಾಕು ಜಾಸ್ತಿ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದೇ ನನ್ನ ರೋಗ. ಮೊನ್ನೆ ಒಂದು ಸ್ಯಾಟಿನ್ ಗೌನಿನ ಸೊಂಟದ ಹೊಲಿಗೆ ನಾಲ್ಕು ಸಲ ಬಿಚ್ಚಿ, ಬಟ್ಟೆಯೇ ಹಾಳಾಗಿ, ಕೈಯಿಂದ ದುಡ್ಡು ಹಾಕಿ ಬೇರೆ ತಂದೆ. ಮನೆಯಲ್ಲಿ ‘ಸಾಕು ಬಿಡೇ’ ಅನ್ನುತ್ತಾರೆ. ಆದರೆ ತಂದೆ ಪರಿಪೂರ್ಣರಾಗಿರುವ ಹಾಗೆ ನೀವೂ ಪರಿಪೂರ್ಣರಾಗಿರಿ ಅಂತ ಯೇಸುವೇ ಹೇಳಿದ್ದಾರಲ್ಲ? ‘ಸಾಕು’ ಅಂದರೆ ಆ ಮಾತು ಮೀರಿದ ಹಾಗಾಗುವುದಿಲ್ಲವಾ?

ಮೊದಲು ಸ್ಯಾಟಿನ್ ವಿಷಯ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಹತ್ತಿ ಬಟ್ಟೆಯಾದರೆ ಸೂಜಿಯ ತೂತು ನೀರು ಚಿಮುಕಿಸಿ ಇಸ್ತ್ರಿ ಹಾಕಿದಾಗ ಬಹುಪಾಲು ಮುಚ್ಚಿಕೊಳ್ಳುತ್ತದೆ. ಸ್ಯಾಟಿನ್ನಿನ ನುಣುಪು ಇರುವುದು ಮೇಲ್ಗಡೆ ತೇಲಿಕೊಂಡಿರುವ ಉದ್ದನೆಯ ಎಳೆಗಳಲ್ಲಿ. ಸೂಜಿ ಅವುಗಳನ್ನು ಒಮ್ಮೆ ಸರಿಸಿತೋ ಕತ್ತರಿಸಿತೋ, ಗುರುತು ಹೋಗುವುದಿಲ್ಲ. ಒಂದು ಸಲ ಬಿಚ್ಚಿದರೆ ಒಂದು ಸಾಲು ತೂತು. ನಾಲ್ಕು ಸಲ ಬಿಚ್ಚಿದರೆ ಅಂಚೆಚೀಟಿ ಹರಿಯಲು ಕೊರೆದಿರುತ್ತಾರಲ್ಲ, ಹಾಗಾಗುತ್ತದೆ. ಎರಡನೇ ಸಲದಿಂದ ಮುಂದಕ್ಕೆ ನೀವು ಮಾಡುತ್ತಿದ್ದುದನ್ನು ತಿದ್ದುವುದು ಎನ್ನಲಾಗದು. ಗೌನು ಆಗಲೇ ಚೆನ್ನಾಗಿತ್ತು. ಆಮೇಲಿನ ಬಿಚ್ಚಾಟವೆಲ್ಲ ನಿಮ್ಮ ಎದೆಬಡಿತ ಇಳಿಸಿಕೊಳ್ಳುವುದಕ್ಕೆ.

ಇನ್ನು ಆ ವಚನ. ಮತ್ತಾಯ 5:48ನ್ನು ಒಂಟಿಯಾಗಿ ಓದಬೇಡಿ, 43ನೇ ವಚನದಿಂದ ಓದಿಕೊಂಡು ಬನ್ನಿ. ಅಲ್ಲಿ ನಡೆಯುತ್ತಿರುವ ಮಾತು ಶತ್ರುಗಳನ್ನು ಪ್ರೀತಿಸುವುದರ ಬಗ್ಗೆ. ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬಿಸಿಲು ಕೊಡುತ್ತಾರೆ, ಮಳೆ ಸುರಿಸುತ್ತಾರೆ. ನಿಮ್ಮ ಪ್ರೀತಿಯೂ ಹಾಗೆ ಯಾರನ್ನೂ ಹೊರಗೆ ಬಿಡದೆ ಪೂರ್ತಿಯಾಗಲಿ ಎಂದು ಮಾತು ಮುಗಿಯುತ್ತದೆ. ಇದೇ ಬೋಧನೆ ಲೂಕ 6:36ರಲ್ಲಿ ಬಂದಾಗ ಅಲ್ಲಿ ‘ಪರಿಪೂರ್ಣ’ ಎಂಬ ಪದವೇ ಇಲ್ಲ, ತಂದೆಯಂತೆ ಕರುಣೆಯುಳ್ಳವರಾಗಿ ಎಂದಿದೆ. ಮತ್ತಾಯನ ಗ್ರೀಕ್ ಮೂಲದಲ್ಲಿರುವ ಪದ ‘ತೆಲೈಓಸ್’. ಗುರಿ ಮುಟ್ಟಿದ್ದು, ಬಲಿತದ್ದು, ಪೂರ್ತಿ ಬೆಳೆದದ್ದು ಎಂದು ಅದರ ಅರ್ಥ. ಅಂಕೋಲೆಯ ಇಷಾಡ್ ಮಾವಿನಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಇದ್ದರೂ ಹಣ್ಣಾಗಿದ್ದರೆ ಹಣ್ಣಾಯಿತು ಅನ್ನುತ್ತೇವಲ್ಲ, ಆ ಅರ್ಥ. ಸೊಂಟದ ಹೊಲಿಗೆ ಒಂದು ನೂಲು ಸರಿದದ್ದಕ್ಕೂ ಈ ವಚನಕ್ಕೂ ಸಂಬಂಧವಿಲ್ಲ.

ಕಾರವಾರದವರಿಗೆ ಇನ್ನೊಂದು ಪದ ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ದಿನಗಳಲ್ಲಿ ಬೈತಖೋಲ್ ಬಂದರಿನ ಕಡೆ ಹೋದರೆ ಬಲೆ ಸರಿಮಾಡುತ್ತ ಕೂತವರನ್ನು ನೋಡಬಹುದು. ಹರಿದ ಕಣ್ಣನ್ನು ಹುಡುಕಿ, ಅದರ ಸುತ್ತಲಿನ ಪುಡಿನೂಲು ಕತ್ತರಿಸಿ, ಅಷ್ಟೇ ಜಾಗಕ್ಕೆ ಹೊಸ ನೂಲಿನಿಂದ ಗಂಟು ಹಾಕಿ ಮುಂದಕ್ಕೆ ಸರಿಯುತ್ತಾರೆ. ಹೊಸ ನೂಲಿನ ಬಣ್ಣ ಬೇರೆಯೇ ಇರುತ್ತದೆ, ಎದ್ದು ಕಾಣುತ್ತದೆ. ಯಾರೂ ಅದಕ್ಕಾಗಿ ಇಡೀ ಬಲೆ ಬಿಚ್ಚುವುದಿಲ್ಲ. ಯೇಸು ಕರೆದಾಗ ಯಕೋಬ, ಯೊವಾನ್ನ ದೋಣಿಯಲ್ಲಿ ಕೂತು ಮಾಡುತ್ತಿದ್ದುದು ಇದೇ ಕೆಲಸವನ್ನು (ಮಾರ್ಕ 1:19). ಅಲ್ಲಿ ‘ಬಲೆ ಸರಿಮಾಡುವುದು’ ಎಂಬುದಕ್ಕೆ ಇರುವ ಗ್ರೀಕ್ ಕ್ರಿಯಾಪದವನ್ನೇ ಪೇತ್ರನ ಮೊದಲ ಪತ್ರ (5:10) ದೇವರು ನಮ್ಮನ್ನು ಸರಿಗೊಳಿಸುತ್ತಾರೆ ಎನ್ನಲು ಬಳಸಿದೆ. ತಪ್ಪಿದ ಸಹೋದರನನ್ನು ಮೃದುವಾಗಿ ಸರಿದಾರಿಗೆ ತನ್ನಿ ಎನ್ನುವಾಗ ಪೌಲನೂ ಅದನ್ನೇ ಬಳಸುತ್ತಾನೆ (ಗಲಾತ್ಯ 6:1). ದೇವರು ನಮ್ಮನ್ನು ಸರಿಮಾಡುವ ರೀತಿಗೆ ಬೈಬಲ್ ಕೊಟ್ಟ ಚಿತ್ರ ತೇಪೆ ಬಿದ್ದ ಬಲೆಯದು, ಮೀನು ಹಿಡಿಯುವ ಬಲೆಯದು.

ಮಾರ್ಕನ ಅದೇ ಮೊದಲ ಅಧ್ಯಾಯದಲ್ಲಿ ಇನ್ನೂ ಸ್ವಲ್ಪ ಹಿಂದೆ, 11ನೇ ವಚನದಲ್ಲಿ, ‘ನೀನು ನನ್ನ ಪ್ರಿಯ ಪುತ್ರ, ನಿನ್ನನ್ನು ಮೆಚ್ಚಿದ್ದೇನೆ’ ಎಂಬ ದನಿ ಯೇಸುವಿಗೆ ಕೇಳಿಸುತ್ತದೆ. ಮಾರ್ಕನ ಪುಸ್ತಕದಲ್ಲಿ ಆ ಹೊತ್ತಿಗೆ ಯೇಸು ಒಂದು ಅದ್ಭುತವನ್ನೂ ಮಾಡಿಲ್ಲ, ಒಂದು ಬೋಧನೆಯನ್ನೂ ಕೊಟ್ಟಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನೀವು ಮೆಷಿನ್ನಿನ ಮುಂದೆ ಕೂರುವುದು ಇದಕ್ಕೆ ತಲೆಕೆಳಗಾಗಿ: ಈ ಗೌನು ಸರಿಯಾದರೆ ಮಾತ್ರ ನಾನು ಸರಿ, ಅಂತ.

ಅಂಗಡಿಯಲ್ಲಿ ಮಾಡಬೇಕಾದದ್ದು ಹೀಗೆ. ಬಟ್ಟೆ ಕತ್ತರಿಸುವ ಮುಂಚೆಯೇ, ಮನಸ್ಸು ಶಾಂತವಾಗಿರುವಾಗ, ಆ ಉಡುಪು ‘ಮುಗಿಯಿತು’ ಅನ್ನಲು ಏನೇನು ಇರಬೇಕೆಂದು ಬಿಲ್ಲಿನ ಹಿಂದೆ ಬರೆಯಿರಿ, ಐದು ಸಾಲು ಮೀರದಂತೆ: ಅಳತೆ ಸರಿ, ಜಿಪ್ಪು ಸಿಕ್ಕಿಕೊಳ್ಳುವುದಿಲ್ಲ, ಎರಡು ಭುಜ ಸಮ, ಅಂಚು ನೆಲದಿಂದ ಒಂದೇ ಎತ್ತರ, ದಾರ ನೇತಾಡುತ್ತಿಲ್ಲ. ಸ್ಯಾಟಿನ್ನಿಗೆ 11ನೇ ನಂಬರಿನ ಹೊಸ ಸೂಜಿ, ಅದು ದಪ್ಪ ಎನಿಸಿದರೆ 9. ಹೊಲಿಗೆ ಉದ್ದ ಎರಡೂವರೆ ಮಿಲಿಮೀಟರ್. ಮೊದಲು ತುಂಡು ಬಟ್ಟೆಯಲ್ಲಿ ಓಡಿಸಿ ನೋಡಿ. ಸೊಂಟದ ಹೊಲಿಗೆಯನ್ನು ಮೊದಲು ಕೈಯಲ್ಲಿ ಕಚ್ಚಾ (ತಾತ್ಕಾಲಿಕ ಹೊಲಿಗೆ) ಹಾಕಿಕೊಳ್ಳಿ, ಅದೂ ಹೊಲಿಗೆ ಗೆರೆಯ ಹೊರಗೆ, ಅಂಚಿನ ಬದಿಯಲ್ಲಿ. ಕಚ್ಚಾ ಎಷ್ಟು ಸಲ ಬೇಕಾದರೂ ಬಿಚ್ಚಿ, ಮೆಷಿನ್ ಹೊಲಿಗೆ ಒಂದೇ ಸಲ. ಹೊಲಿದಾದ ಮೇಲೆ ಗೌನನ್ನು ತೂಗುಹಾಕಿ ಮೂರು ಅಡಿ ದೂರ ನಿಂತು ನೋಡಿ. ಮದುವೆಗೆ ಬಂದ ನೆಂಟರು ಅದಕ್ಕಿಂತ ಹತ್ತಿರದಿಂದ ನೋಡುವುದಿಲ್ಲ (ಹತ್ತಿರ ಬರುವವರು ಬಂಗಾರ ನೋಡಲು ಬರುತ್ತಾರೆ). ಅಷ್ಟು ದೂರಕ್ಕೆ ಕಾಣುವ ತಪ್ಪಾದರೆ ಬಿಚ್ಚಿ. ಹರಿಯುವ, ಚುಚ್ಚುವ ತಪ್ಪಾದರೆ ಬಿಚ್ಚಿ. ಬೇರೆ ಯಾವುದಕ್ಕೂ ಬೇಡ. ಒಂದು ಹೊಲಿಗೆಯನ್ನು ಎರಡನೇ ಸಲ ಬಿಚ್ಚಬೇಕು ಎನಿಸಿದರೆ ಬಿಚ್ಚುವ ಸಲಕರಣೆಯನ್ನು ಡ್ರಾಯರಿಗೆ ಹಾಕಿ, ಮಾರನೇ ದಿನ ಬೆಳಿಗ್ಗೆ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ರಾತ್ರಿ ಬಲ್ಬಿನಡಿ ಕಂಡ ತಪ್ಪಿನಲ್ಲಿ ಎಷ್ಟೋ ಬರೀ ನೆರಳು.

ಮೊದಲ ವಾರ ಕೈ ತುರಿಸುತ್ತದೆ, ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಅದು ಕೆಲಸ ಕೆಟ್ಟಿತೆಂಬುದರ ಗುರುತು ಅಂದುಕೊಳ್ಳಬೇಡಿ. ಬೀಡಿ ಬಿಟ್ಟವರಿಗೂ ಹಾಗೇ ಆಗುತ್ತದೆ.

ಕುಮಟಾ ಕಡೆಯ ಹುಡುಗ, 22 ವರ್ಷ. ಪಾಪನಿವೇದನೆ ಮಾಡಿ ಹೊರಗೆ ಬಂದ ಕೂಡಲೇ ‘ಅದನ್ನು ಸರಿಯಾಗಿ ಹೇಳಿದೆನಾ, ಒಂದು ಬಿಟ್ಟೆನಾ’ ಅಂತ ಶುರುವಾಗುತ್ತದೆ. ಒಂದೇ ವಾರದಲ್ಲಿ ಮೂರು ಸಲ, ಬೇರೆ ಬೇರೆ ಇಗರ್ಜಿಗೆ (ಚರ್ಚಿಗೆ) ಹೋಗಿ, ಅದೇ ಪಾಪ ಹೇಳಿದ್ದೇನೆ. ಜಪಮಾಲೆ ಮಾಡುವಾಗ ಮನಸ್ಸು ಆಚೆ ಹೋದರೆ ಆ ‘ನಮೋ ಮರಿಯ’ ಮತ್ತೆ ಹೇಳುತ್ತೇನೆ. ಇಪ್ಪತ್ತು ನಿಮಿಷದ್ದು ಒಂದೂವರೆ ಗಂಟೆ ಆಗುತ್ತದೆ. ಸರಿ ಆಯಿತಾ ಅಂತ ಅಮ್ಮನನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ನನ್ನ ವಿಶ್ವಾಸ ಕಡಿಮೆಯಾ?

ಇಲ್ಲ ತಮ್ಮಾ. ಇದಕ್ಕೆ ಹಳೆಯ ಹೆಸರೇ ಇದೆ: ಸ್ಕ್ರೂಪಲ್. ಲ್ಯಾಟಿನ್‌ನಲ್ಲಿ ‘ಸ್ಕ್ರೂಪುಲುಸ್’ ಅಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳು ಪ್ರತಿ ಹೆಜ್ಜೆಗೂ ಚುಚ್ಚುವ ಹಾಗೆ.

ದೊಡ್ಡ ದೊಡ್ಡ ಸಂತರು ಇದರಲ್ಲಿ ಒದ್ದಾಡಿದ್ದಾರೆ. ಲೊಯೋಲದ ಸಂತ ಇಗ್ನಾಸಿಯವರು 1522–23ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿದ್ದಾಗ, ಆಗಲೇ ಪೂರ್ತಿ ನಿವೇದಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ಬದುಕೇ ಬೇಡ ಎನಿಸುವಷ್ಟು ಕುಗ್ಗಿದ್ದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿಯಾಗಿ ನಿರ್ಧರಿಸಿದ ಮೇಲೇ ಅವರಿಗೆ ಬಿಡುಗಡೆ. ಆಮೇಲೆ ಅವರು ಬರೆದ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಇದಕ್ಕೆಂದೇ ಕೆಲವು ಟಿಪ್ಪಣಿಗಳಿವೆ, 345ರಿಂದ 351ರವರೆಗೆ. ಅವುಗಳ ತಿರುಳು: ಮನಸ್ಸು ಈಗಾಗಲೇ ಅತಿಸೂಕ್ಷ್ಮವಾಗಿದ್ದರೆ ಶತ್ರು ಅದನ್ನು ಇನ್ನೂ ಸೂಕ್ಷ್ಮ ಮಾಡಿ ಕೆಡಿಸಲು ನೋಡುತ್ತಾನೆ, ನೀನು ಅದರ ಎದುರು ದಿಕ್ಕಿಗೆ ನಡೆದು ನಡುವಿನಲ್ಲಿ ನಿಲ್ಲು. ನಿನ್ನ ಮಟ್ಟಿಗೆ ಹೆಚ್ಚು ಪಾಪನಿವೇದನೆ ಮದ್ದಾಗುವುದಿಲ್ಲ, ಕಡಿಮೆ ಮಾಡುವುದೇ ಮದ್ದು.

ಕಥೋಲಿಕ ಧರ್ಮಸಭೆಯ ನಿಯಮ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದನ್ನು ಒಮ್ಮೆ ಸರಿಯಾಗಿ ತಿಳಿದುಕೋ. ಮಾರಕ ಪಾಪ (ನಿವೇದಿಸಲೇಬೇಕಾದ ದೊಡ್ಡ ಪಾಪ) ಆಗಬೇಕಾದರೆ ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾದದ್ದು, ಅದು ಗಂಭೀರ ಎಂದು ಪೂರ್ತಿ ಗೊತ್ತಿತ್ತು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿದೆ. ತಾನಾಗಿ ತಲೆಗೆ ನುಗ್ಗಿದ ಕೊಳಕು ಯೋಚನೆಗೆ ಮೂರನೆಯದು ಇಲ್ಲ. ಬೇಕೆಂದು ಮುಚ್ಚಿಡದೆ ಮರೆತುಹೋದ ಪಾಪವೂ ಕ್ಷಮೆಯೊಳಗೆ ಸೇರಿದೆ. ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಒಂದು ಗಂಟೆ, ನೀರು ಮತ್ತು ಔಷಧಿ ಅದಕ್ಕೆ ಅಡ್ಡಿಯಲ್ಲ. ಹಲ್ಲುಜ್ಜುವಾಗ ನುಂಗಿದ ನೀರಿನ ಬಗ್ಗೆ ಕೇಳುವವರು ಬಹಳ ಮಂದಿ ಇರುವುದರಿಂದ ಇದನ್ನೂ ಹೇಳಿಬಿಟ್ಟೆವು. ಜಪದಲ್ಲಿ ಮನಸ್ಸು ಹರಿದಾಡುವ ಬಗ್ಗೆ ಧರ್ಮಸಭೆಯ ಬೋಧನಾಗ್ರಂಥ 2729ನೇ ಪರಿಚ್ಛೇದದಲ್ಲಿ ಹೇಳುವುದು, ಆ ಯೋಚನೆಗಳನ್ನು ಅಟ್ಟಿಸಿಕೊಂಡು ಹೋಗುವುದೇ ಬಲೆಗೆ ಬೀಳುವುದು, ಹೃದಯದ ಕಡೆ ತಿರುಗಿಕೊಂಡರೆ ಸಾಕು ಎಂದು. ಮತ್ತೆ ಮೊದಲಿಂದ ಹೇಳು ಎಂದು ಎಲ್ಲೂ ಇಲ್ಲ. ಬಾಲಯೇಸುವಿನ ಸಂತ ತೆರೇಸಾ (1873–1897) ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಮಲಗಿರುವ ಮಕ್ಕಳ ಮೇಲೂ ತಂದೆತಾಯಿಗೆ ಅಷ್ಟೇ ಪ್ರೀತಿ ಎಂದುಕೊಂಡು ನೆಮ್ಮದಿಯಾಗಿದ್ದರು. ಚಿಕ್ಕಂದಿನಲ್ಲಿ ಅವರನ್ನೂ ಈ ಹರಳು ಚುಚ್ಚಿತ್ತು.

ಈಗ ಕ್ರಮ. ಒಬ್ಬರೇ ಗುರುಗಳನ್ನು ಆರಿಸಿಕೋ. ಇಗರ್ಜಿ ಬದಲಿಸುವುದನ್ನು ಇವತ್ತೇ ನಿಲ್ಲಿಸು. ಅವರಿಗೆ ಮೊದಲೇ ‘ಫಾದರ್, ನನಗೆ ಸ್ಕ್ರೂಪಲ್ ತೊಂದರೆ ಇದೆ, ನೀವು ಹೇಳಿದ್ದನ್ನೇ ಕೊನೆಯ ಮಾತು ಎಂದು ಒಪ್ಪುತ್ತೇನೆ’ ಎಂದು ಹೇಳು. ದಿನ ಗೊತ್ತುಮಾಡಿಕೊಂಡು ತಿಂಗಳಿಗೆ ಒಂದೇ ಸಲ ಹೋಗು. ಒಳಗೆ ಐದು ನಿಮಿಷ, ಕೈಯಲ್ಲಿ ಚೀಟಿ ಬೇಡ, ಹಳೆಯದು ಯಾವುದೂ ಬೇಡ. ಹೊರಗೆ ಬಂದು, ಗುರುಗಳು ಹೇಳಿದ ಪ್ರಾಯಶ್ಚಿತ್ತ ಒಂದು ಸಲ ಮಾಡಿ ಮನೆಗೆ ಹೋಗು. ಐದು ದಶಕದ (ಹತ್ತು ಹತ್ತು ಮಣಿಯ ಐದು ಸುತ್ತಿನ) ಜಪಮಾಲೆಯನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸು. ಮನಸ್ಸು ಆಚೆ ಹೋದದ್ದು ಗೊತ್ತಾದ ಮಣಿಯಿಂದ ಮುಂದಿನ ಮಣಿಗೆ ಹೋಗು, ಹಿಂದಕ್ಕೆ ಬರುವ ಹಾಗಿಲ್ಲ. ಆಗ ಎದೆ ಹಾರುತ್ತದೆ, ಏನೋ ಅಪಚಾರವಾಯಿತು ಎನಿಸುತ್ತದೆ. ಏನೂ ಮಾಡದೆ ಕಾದರೆ ಆ ಕಳವಳ ಏರಿ, ನಿಂತು, ತಾನಾಗಿ ಇಳಿಯುತ್ತದೆ. ಮತ್ತೆ ಜಪ ಹೇಳಿದರೂ ಇಳಿಯುತ್ತದೆ ನಿಜ, ಆದರೆ ಮುಂದಿನ ಸಲ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ಈ ರೋಗ ಬೆಳೆಯುವುದೇ ಹಾಗೆ.

ಅಮ್ಮನಿಗೂ ಒಂದು ಕೆಲಸ: ‘ಸರಿ ಆಯಿತಾ’ ಎಂದು ಕೇಳಿದಾಗ ‘ಸರಿ ಆಯಿತು ಮಗಾ’ ಎನ್ನಬೇಡಿ ಅಮ್ಮ, ಕಲ್ಲೆದೆ ಎನಿಸಿದರೂ. ‘ಅದಕ್ಕೆ ಉತ್ತರ ಕೊಡುವುದಿಲ್ಲ ಅಂತ ಮಾತಾಗಿದೆ, ಬಾ, ಊಟ ಮಾಡು’ ಎನ್ನಿ.

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದಕ್ಕೇ ಹೋಗುತ್ತಿದ್ದರೆ, ಓದು, ಕೆಲಸ, ನಿದ್ದೆ ಕೆಡುತ್ತಿದ್ದರೆ, ಮನೋವೈದ್ಯರನ್ನು ನೋಡಲೇಬೇಕು. ನಿನ್ನ ಪತ್ರ ನೋಡಿದರೆ ಆ ಹಂತ ಬಂದಿದೆ. ಬೇಡದ ಯೋಚನೆ ನುಗ್ಗಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಒಸಿಡಿ ಎಂಬ ಕಾಯಿಲೆ ಧರ್ಮದ ವೇಷ ಹಾಕಿಕೊಂಡು ಬರುವುದೂ ಉಂಟು. ಮೇಲೆ ಹೇಳಿದ ‘ಮಾಡದೆ ಕಾಯುವ’ ಅಭ್ಯಾಸವನ್ನೇ ಹಂತ ಹಂತವಾಗಿ ಮಾಡಿಸುವ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ಮಾತ್ರೆ ಹಿಡಿಯಲು ವಾರಗಳು ಬೇಕು, ಹತ್ತು ದಿನಕ್ಕೆ ಗುಣ ಕಾಣಲಿಲ್ಲವೆಂದು ನಿಲ್ಲಿಸಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಗ್ನಾಸಿಯವರ ಹಾಗೆ ಬದುಕೇ ಬೇಡ ಎನಿಸಿದ ದಿನವಂತೂ ಮನೆಯವರಿಗೆ ಹೇಳಿ ಕೂಡಲೇ ಕರೆ ಮಾಡು. ಗುರುಗಳ ಹತ್ತಿರ ಹೋದವನು ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯಾಯಿತು ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಶಿರಸಿಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನಮ್ಮ ಕೆಲಸದಲ್ಲಿ ಒಂದು ಸೊನ್ನೆ ಹೆಚ್ಚಾದರೂ ಜೀವ ಹೋಗುತ್ತದೆ. ‘ಪರವಾಗಿಲ್ಲ ಬಿಡಿ’ ಎಂಬ ಧರ್ಮೋಪದೇಶ ನಮಗೆ ಹೇಗೆ ಆಗುತ್ತದೆ? ಮನೆಗೆ ಬಂದರೂ ಗ್ಯಾಸ್, ಬೀಗ ನೋಡುವುದೇ ಆಗಿದೆ.

ನಿಮ್ಮ ಮಾತು ಸರಿ. ವಾರ್ಡಿನಲ್ಲಿ ಒಂದಿಷ್ಟೂ ಸಡಿಲಿಸಬೇಡಿ. ಸರಿಯಾದ ರೋಗಿ, ಔಷಧಿ, ಪ್ರಮಾಣ, ಕೊಡುವ ಮಾರ್ಗ, ಹೊತ್ತು: ಈ ಐದನ್ನು ಪ್ರತಿ ಸಲ ನೋಡಿ. ಇನ್ಸುಲಿನ್, ಹೆಪಾರಿನ್‌ನಂಥವನ್ನು ಇನ್ನೊಬ್ಬ ನರ್ಸ್ ಸ್ವತಂತ್ರವಾಗಿ ಲೆಕ್ಕ ಹಾಕಿ ತಾಳೆ ನೋಡಲಿ. ಆ ಎರಡನೇ ಜೋಡಿ ಕಣ್ಣು ಯಾಕೆ ಬಂತು ಯೋಚಿಸಿ. ಯಾರೂ ತಪ್ಪದೆ ಇರಲಾರರು ಎಂದು ಒಪ್ಪಿಕೊಂಡವರು ಮಾಡಿದ ವ್ಯವಸ್ಥೆ ಅದು. ನಾನು ತಪ್ಪಲಾರೆ, ತಪ್ಪಬಾರದು ಎಂದು ಹಟ ಹಿಡಿದ ನರ್ಸ್ ಇನ್ನೊಬ್ಬರನ್ನು ಕರೆಯಲು ನಾಚುತ್ತಾಳೆ, ಆದ ತಪ್ಪನ್ನು ಬರೆದಿಡಲು ಹೆದರುತ್ತಾಳೆ. ಅಪಾಯ ಅಲ್ಲಿದೆ.

ಮನೆಯ ಗ್ಯಾಸು ಬೇರೆ ವಿಷಯ. ವಾರ್ಡಿನ ಎಚ್ಚರ ಮೈಯಲ್ಲಿ ಉಳಿದು ಜೊತೆಗೇ ಬಂದಿರುತ್ತದೆ. ಅದಕ್ಕೆ ಒಂದು ಗಡಿ ಬೇಕು. ಪಾಳಿ ಒಪ್ಪಿಸುವುದು ನಿಮಗೆ ಗೊತ್ತೇ ಇದೆಯಲ್ಲ: ಹಾಸಿಗೆ ಹಾಸಿಗೆಗೂ ಹೇಳಿ, ಪುಸ್ತಕಕ್ಕೆ ಸಹಿ ಹಾಕಿ, ಮುಂದಿನವರಿಗೆ ಬಿಟ್ಟು ಬರುತ್ತೀರಿ. ಕೊನೆಯ ಸಲ ಕೈ ತೊಳೆಯುವ ಅರ್ಧ ನಿಮಿಷದಲ್ಲಿ ದೇವರಿಗೂ ಹಾಗೇ ಒಪ್ಪಿಸಿ, ಭಯ ಉಳಿದಿರುವ ರೋಗಿಯ ಹೆಸರು ಹೇಳಿ, ‘ನಿಮ್ಮ ಕೈಗೆ’ ಎಂದು. ಕೀರ್ತನೆ 31:5ರ ಮಾತು ಅದು, ಶಿಲುಬೆಯ ಮೇಲೆ ಯೇಸು ಆಡಿದ್ದೂ ಅದೇ. ಮನೆಯಲ್ಲಿ ಗ್ಯಾಸ್ ನಾಬ್ ತಿರುಗಿಸುತ್ತ ‘ಆಫ್’ ಎಂದು ಬಾಯಿಬಿಟ್ಟು ಹೇಳಿ, ಒಂದೇ ಸಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ, ಬೇಡ. ನಾಲ್ಕು ದಿನದಲ್ಲಿ ಫೋಟೋವನ್ನೇ ಹತ್ತು ಸಲ ನೋಡುವ ಚಟ ಹತ್ತುತ್ತದೆ.

ಹೊನ್ನಾವರ ತಾಲೂಕಿನ ನಮ್ಮ ಇಗರ್ಜಿಯ ಗಾಯನವೃಂದ ನಡೆಸುತ್ತೇನೆ. ಒಂದು ಸಾಲು ಸರಿಬರುವ ತನಕ ಇಪ್ಪತ್ತು ಸಲವಾದರೂ ಹಾಡಿಸುತ್ತೇನೆ. ಹದಿನಾಲ್ಕು ಮಂದಿಯಲ್ಲಿ ಈಗ ಆರು ಮಂದಿ ಉಳಿದಿದ್ದಾರೆ. ದೇವರಿಗೆ ಒಳ್ಳೆಯದನ್ನೇ ಕೊಡಬೇಕಲ್ಲವೇ?

ಎಂಟು ಮಂದಿಯ ದನಿಯನ್ನು ದೇವರಿಂದ ಕಿತ್ತುಕೊಂಡದ್ದೂ ಲೆಕ್ಕಕ್ಕೆ ಬರಬೇಕಲ್ಲ ಸ್ವಾಮಿ. ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್, ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರಾಗಿ ವಿಂಗಡಿಸಿದರು: ತನ್ನಿಂದ ಬಯಸುವುದು, ಬೇರೆಯವರಿಂದ ಬಯಸುವುದು, ಬೇರೆಯವರು ತನ್ನಿಂದ ಬಯಸುತ್ತಾರೆಂದು ನಂಬಿ ನಡುಗುವುದು. ನಿಮ್ಮದು ಎರಡನೆಯದು, ಆರು ಮಂದಿಗೆ ಮೂರನೆಯದನ್ನು ಅಂಟಿಸುತ್ತಿದ್ದೀರಿ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ಸಂವಿಧಾನ ಮುಖ್ಯವಾಗಿ ಬಯಸಿದ್ದು ಜನರೆಲ್ಲ ಅರಿತು, ಪೂರ್ತಿಯಾಗಿ, ಕ್ರಿಯಾಶೀಲವಾಗಿ ಪಾಲುಗೊಳ್ಳುವುದನ್ನು.

ಅಭ್ಯಾಸ 60 ನಿಮಿಷ, ಗಡಿಯಾರ ಇಟ್ಟು. ಹೊಸ ಹಾಡು ಒಂದೇ. ಒಂದು ಸಾಲು ಮೂರು ಸಲ, ಆಮೇಲೆ ಬರಲಿ ಬಿಡಲಿ ಮುಂದಿನ ಸಾಲು. ಇಪ್ಪತ್ತನೇ ಸಲಕ್ಕೆ ಗಂಟಲು ದಣಿದು ಸ್ವರ ಇಳಿದೇ ಇಳಿಯುತ್ತದೆ, ತಪ್ಪೇ ಬಾಯಿಪಾಠವಾಗುತ್ತದೆ. ಶ್ರುತಿ ಎತ್ತರ ಸಾಲದವರಿದ್ದರೆ ಒಂದು ಮನೆ ಇಳಿಸಿ. ಬಲಿಪೂಜೆ ಮುಗಿದ ಮೇಲೆ ಅವತ್ತು ತಪ್ಪಿನ ಮಾತೇ ಆಡಬೇಡಿ, ಅದು ಮುಂದಿನ ಅಭ್ಯಾಸಕ್ಕೆ ಇರಲಿ. ಬಿಟ್ಟುಹೋದ ಎಂಟು ಮಂದಿಯ ಮನೆಗೆ ಒಬ್ಬರೇ ಹೋಗಿ ಕ್ಷಮೆ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬೇಡ.

ಅಂಕೋಲೆಯಿಂದ. ಕ್ರಿಸ್ಮಸ್ ಬಂತೆಂದರೆ ನನಗೆ ಹಬ್ಬವಲ್ಲ, ಪರೀಕ್ಷೆ. ಅತ್ತೆಯವರ ಕಾಲದ ಒಂಬತ್ತು ಬಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಮಾಡಲೇಬೇಕು, ನೆವ್ರಿ (ಕರ್ಜಿಕಾಯಿ) ಒಂದು ಒಡೆದರೂ ಆ ಗಾಣವನ್ನೇ, ಅಂದರೆ ಆ ಸಲ ಎಣ್ಣೆಗೆ ಬಿಟ್ಟದ್ದನ್ನೆಲ್ಲ, ಎಸೆಯಬೇಕೆನಿಸುತ್ತದೆ. ರಾತ್ರಿ ಪೂಜೆಯಲ್ಲಿ ಕೂತಲ್ಲೇ ತೂಕಡಿಸುತ್ತೇನೆ. ಮಾರ್ತಾಳಿಗೆ ಬೈದ ಹಾಗೆ ಯೇಸು ನನಗೂ ಬೈಯುತ್ತಾರೇನೋ.

ಲೂಕ 10:38–42ನ್ನು ಓದಿ ಎಷ್ಟೋ ಗೃಹಿಣಿಯರು ಹೀಗೇ ನೊಂದುಕೊಂಡಿದ್ದಾರೆ. ಆ ಮನೆಯಲ್ಲಿ ಯೇಸು ಅಡುಗೆಯನ್ನು ಹಳಿಯಲಿಲ್ಲ, ಬಂದದ್ದೇ ಮಾರ್ತಾಳ ಅತಿಥಿಯಾಗಿ. ‘ಮಾರ್ತಾ, ಮಾರ್ತಾ’ ಎಂದು ಎರಡು ಸಲ ಹೆಸರು ಹಿಡಿದು ಕರೆದದ್ದು ಅಕ್ಕರೆಯ ಕರೆ. ಅನೇಕ ವಿಷಯಗಳಿಗೆ ಚಿಂತೆ ಹಚ್ಚಿಕೊಂಡು ತಳಮಳಿಸುತ್ತೀಯಲ್ಲ ಎಂದಷ್ಟೇ ಹೇಳಿದ್ದು. ಯೊವಾನ್ನ 11:27ರಲ್ಲಿ ‘ನೀವೇ ಕ್ರಿಸ್ತ’ ಎಂದು ಬಾಯ್ತುಂಬ ಸಾರುವವಳೂ ಇದೇ ಮಾರ್ತಾ. ನಮ್ಮ ಉಪದೇಶಗಳಲ್ಲಿ ಅದನ್ನು ಯಾಕೋ ಹೇಳುವುದು ಕಡಿಮೆ.

ಒಂಬತ್ತರಲ್ಲಿ ಮೂರು ಮಾಡಿ. ಒಂದು ವಾರ ಇಟ್ಟರೂ ಕೆಡದ್ದು ಎರಡು: ಕಿಡಿಯೊ ಮತ್ತು ಚಕ್ಕುಲಿ. ಮೂರನೆಯದು ನೆವ್ರಿ. ಉಳಿದದ್ದನ್ನು ನೆರೆಮನೆಯವರು ತಟ್ಟೆಯಲ್ಲಿ ಕಳಿಸಿಯೇ ಕಳಿಸುತ್ತಾರೆ, ತಟ್ಟೆ ಹಂಚುವ ಪದ್ಧತಿ ಬಂದದ್ದೇ ಅದಕ್ಕೆ.

ನೆವ್ರಿ ಒಡೆಯುವುದಕ್ಕೆ ಕಾರಣಗಳಿವೆ, ಅವು ನಿಮ್ಮ ಪಾಪಗಳಲ್ಲ. ಕಾಲು ಕಿಲೋ ಮೈದಾಕ್ಕೆ ಎರಡು ಚಮಚ ಬಿಸಿ ತುಪ್ಪ ಹಾಕಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಲಟ್ಟಿಸಿದ ಹಾಳೆ ಹಿಂದಕ್ಕೆ ಎಳೆದು ಅಂಚು ಬಿಟ್ಟುಕೊಳ್ಳುತ್ತದೆ. ಕೊಬ್ಬರಿ, ಎಳ್ಳು ಹುರಿದು ಪೂರ್ತಿ ಆರಿದ ಮೇಲೇ ಸಕ್ಕರೆ ಪುಡಿ ಸೇರಿಸಬೇಕು. ಬಿಸಿಯಲ್ಲಿ ಸೇರಿಸಿದರೆ ಬೆವರಿ, ಎಣ್ಣೆಯಲ್ಲಿ ಹಬೆಯಾಗಿ ಅಂಚನ್ನು ಸೀಳುತ್ತದೆ. ಮೂರೂವರೆ ಅಂಗುಲದ ಹಾಳೆಗೆ ಹೂರಣ ಎರಡು ಟೀ ಚಮಚ, ಅದಕ್ಕಿಂತ ಜಾಸ್ತಿ ಬೇಡ. ಅಂಚಿಗೆ ಹಾಲು ಸವರಿ, ಒಳಗಿನ ಗಾಳಿಯನ್ನು ಬೆರಳಿನಿಂದ ಹೊರಗೆ ತಳ್ಳಿ ಒತ್ತಿ. ಉರಿ ಮಧ್ಯಮ. ಇಷ್ಟು ಮಾಡಿದರೂ ಒಂದೆರಡು ಒಡೆಯುತ್ತವೆ. ಚೆಲ್ಲಿದ ಸಕ್ಕರೆ ಕರಗಿ ಕಪ್ಪಾಗಿ ಉಳಿದವಕ್ಕೆ ಅಂಟುವುದರಿಂದ ಗಾಣವೇ ಕೆಟ್ಟ ಹಾಗೆ ಕಾಣುತ್ತದೆ. ಒಲೆ ಆರಿಸಿ, ಎಣ್ಣೆ ತುಸು ತಣಿದ ಮೇಲೆ ಸೋಸಿ, ಮತ್ತೆ ಕಾಯಿಸಿ. ಒಡೆದದ್ದನ್ನು ಅಡಗಿಸಬೇಡಿ, ಅತಿಥಿಗಳ ತಟ್ಟೆಯಲ್ಲೇ ಒಂದು ಇಡಿ. ನಿಮಗೆ ಕೊಡುತ್ತಿರುವ ಮನೆಪಾಠ ಇದು, ತಮಾಷೆಗೆ ಹೇಳಿದ್ದಲ್ಲ. ಯಾರೂ ಏನೂ ಅನ್ನದೆ ಅದನ್ನೇ ಮೊದಲು ಎತ್ತಿಕೊಳ್ಳುವುದನ್ನು ಕಣ್ಣಾರೆ ನೋಡಬೇಕು ನೀವು.

24ರ ಮಧ್ಯಾಹ್ನ ಎರಡಕ್ಕೆ ಒಲೆ ಬಂದ್. ಒಂದು ಗಂಟೆ ಮಲಗಿ. ಗೋದಲಿಯಲ್ಲಿ ಹುಲ್ಲು ಓರೆಯಾಗಿದ್ದರೆ ಇರಲಿ, ದನದ ಕೊಟ್ಟಿಗೆ ತಾನೆ.

ಒಂಬತ್ತನೇ ತರಗತಿಯ ಮಗಳು, ನೂರಕ್ಕೆ 96 ಬಂದರೂ ಅಳುತ್ತಾಳೆ. ಅಕ್ಷರ ಸರಿ ಬಾರದಿದ್ದರೆ ಹಾಳೆ ಹರಿಯುತ್ತಾಳೆ. – ಭಟ್ಕಳ

‘ಉಳಿದ ನಾಲ್ಕು ಎಲ್ಲಿ ಹೋಯಿತು’ ಎಂದು ಮನೆಯಲ್ಲಿ ಯಾರು, ನಗುತ್ತಲೇ ಆದರೂ, ಕೇಳುತ್ತಾರೆ ಎಂದು ಮೊದಲು ಪತ್ತೆ ಮಾಡಿ. ಅದು ನಿಲ್ಲಬೇಕು. ಅಂಕದ ಮಾತಿಗೆ ಮುಂಚೆ ‘ಊಟ ಆಯ್ತಾ’ ಬರಲಿ. ಹಾಳೆ ಹರಿಯಲಾಗದ ಹೊಲಿದ ನೋಟ್‌ಬುಕ್ಕು, ಅಳಿಸಲಾಗದ ಪೆನ್ನು ಕೊಡಿ. ತಪ್ಪಿದ್ದಕ್ಕೆ ಒಂದೇ ಗೆರೆ ಎಳೆದು ಮುಂದೆ ಬರೆಯುವುದನ್ನು ಕಲಿಸಿ. ಮಲಗುವ ಮುಂಚೆ ಮಾಡುವ ಪ್ರಾರ್ಥನೆಯಲ್ಲಿ ನೀವು ಅವತ್ತು ಮಾಡಿದ ಒಂದು ತಪ್ಪನ್ನು ಅವಳ ಎದುರೇ ಹೇಳಿ ಕ್ಷಮೆ ಕೇಳಿ. ದೊಡ್ಡವರು ತಪ್ಪಿಯೂ ಆರಾಮಾಗಿ ನಿದ್ದೆ ಮಾಡುವುದನ್ನು ಅವಳು ನೋಡಲಿ. ಊಟ, ನಿದ್ದೆ ಬಿಟ್ಟರೆ ಆಪ್ತಸಮಾಲೋಚಕರಲ್ಲಿಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮುಗಿಯಲೆಂದು ಕಾಯಬೇಡಿ.

ಧ್ಯಾನಕೂಟದಲ್ಲಿ ಹೇಳಿಕೊಟ್ಟಂತೆ ರಾತ್ರಿ ಆತ್ಮಪರಿಶೀಲನೆ ಶುರು ಮಾಡಿದೆ. ಐದು ಹಂತಕ್ಕೆ ಐದು ಕಾಲಂ ಹಾಕಿ, ಬಣ್ಣದ ಪೆನ್ನಿನಲ್ಲಿ ಟಿಕ್ ಹಾಕುತ್ತೇನೆ. ಒಂದು ದಿನ ತಪ್ಪಿದರೆ ಪುಸ್ತಕವನ್ನೇ ಬದಲಿಸಿ ಮೊದಲಿಂದ ಬರೆಯುತ್ತೇನೆ. ಇದು ಮೂರನೇ ಪುಸ್ತಕ. ಹಟ ಬಿಡುವುದನ್ನೂ ಹಟದಿಂದ ಮಾಡುತ್ತಿದ್ದೇನೆ ಅಂತ ಹೆಂಡತಿ ನಗುತ್ತಾಳೆ. – ಹಳಿಯಾಳ

ನಿಮ್ಮ ಮನೆಯವರಿಗೆ ನಮ್ಮ ನಮಸ್ಕಾರ ತಿಳಿಸಿ, ರೋಗ ಸರಿಯಾಗಿ ಹಿಡಿದಿದ್ದಾರೆ.

ಕಾಲಂ ಬೇಡ. ಐದು ಹಂತಗಳು ಇಗ್ನಾಸಿಯವರಿಂದ ಬಂದವೇ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಹಿಂದಿರುಗಿ ನೋಡುವುದು, ಪಶ್ಚಾತ್ತಾಪ, ನಾಳೆಗೆ ಸಂಕಲ್ಪ. ನೀವು ಬಹುಶಃ ಮೊದಲನೆಯದನ್ನು ಒಂದು ನಿಮಿಷಕ್ಕೆ ಮುಗಿಸಿ ಮೂರರಲ್ಲಿ ಅರ್ಧ ಗಂಟೆ ಕೂರುತ್ತಿದ್ದೀರಿ. ಹಟದವರೆಲ್ಲ ಎಡವುವುದು ಅಲ್ಲೇ. ಒಟ್ಟು ಹತ್ತು ನಿಮಿಷ ಇಟ್ಟುಕೊಳ್ಳಿ, ಅದರಲ್ಲಿ ಐದು ನಿಮಿಷ ಕೃತಜ್ಞತೆಗೇ ಕೊಡಿ. ಅದೂ ಸಣ್ಣಪುಟ್ಟದ್ದಕ್ಕೆ: ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಾರು ಚೆನ್ನಾಗಿತ್ತು. ಹಿಂದಿರುಗಿ ನೋಡುವಾಗ ಒಂದೇ ಘಟನೆ ಸಾಕು. ಫಿಲಿಪ್ಪಿ 3:12ರಲ್ಲಿ ಪೌಲ, ನಾನಿನ್ನೂ ಪರಿಪೂರ್ಣನಾಗಿಲ್ಲ, ಹಿಡಿಯಲು ಓಡುತ್ತಿದ್ದೇನೆ ಎನ್ನುತ್ತಾನೆ. ಅದೇ ಸಾಲಿನಲ್ಲಿ, ಕ್ರಿಸ್ತ ನನ್ನನ್ನು ಆಗಲೇ ಹಿಡಿದುಕೊಂಡಿದ್ದಾರೆ ಎಂದೂ ಇದೆ. ಆ ಎರಡನೇ ಅರ್ಧವನ್ನು ಓದಿ ಮಲಗಿ.

ಇನ್ನು ಪುಸ್ತಕ. ವಾರದಲ್ಲಿ ಎರಡು ರಾತ್ರಿ, ಬುಧವಾರ ಮತ್ತು ಶನಿವಾರ ಅಂತಿಟ್ಟುಕೊಳ್ಳಿ, ಬೇಕೆಂದೇ ಪರಿಶೀಲನೆ ಬಿಡಿ. ‘ಕರ್ತರೇ, ಇವತ್ತು ರಜೆ’ ಎಂದು ಹೇಳಿ ದೀಪ ಆರಿಸಿ. ಮೂರನೇ ಪುಸ್ತಕದಲ್ಲಿ ಖಾಲಿ ಹಾಳೆ ಉಳಿದಿರುತ್ತದಲ್ಲ, ಹಾಲಿನ ಲೆಕ್ಕ ಬರೆಯಲು ಹೆಂಡತಿಗೆ ಕೊಡಿ.